ಜಾಕೊಮೊ ಮಟ್ಟೆಯೊಟ್ಟಿ

ಜಾಕೊಮೊ ಮಟ್ಟೆಯೊಟ್ಟಿ (ಮೇ 22, 1885 – ಜೂನ್ 10, 1924) ಇಟಲಿಯ ಸಮಾಜವಾದಿ ನಾಯಕರು ಹಾಗೂ ಸಂಸತ್ ಸದಸ್ಯರು. ಬೆನಿಟೊ ಮುಸೊಲಿನಿಯ ಫ್ಯಾಸಿಸ್ಟ್ ಪಕ್ಷವು ಚುನಾವಣೆಯಲ್ಲಿ ಎಸಗಿದ ಅಕ್ರಮಗಳನ್ನು ಸಂಸತ್ತಿನಲ್ಲಿಯೇ ಬಯಲಿಗೆಳೆದ ಇವರು, ಅದಾದ ಹನ್ನೊಂದನೆಯ ದಿನ ಕೊಲೆಗೀಡಾದರು.

ಜನನ ಮತ್ತು ವಿದ್ಯಾಭ್ಯಾಸ

ಈಶಾನ್ಯ ಇಟಲಿಯ ರೊವಿಗೊ ಪ್ರಾಂತ್ಯದ ಫ್ರಾಟ್ಟಾ ಪೊಲೆಸಿನೆ ಎಂಬ ಊರಿನ ಸ್ಥಿತಿವಂತ ಕುಟುಂಬದಲ್ಲಿ ಜನಿಸಿದರು. 1907ರಲ್ಲಿ ಬೊಲೊನ್ಯಾ ವಿಶ್ವವಿದ್ಯಾಲಯದಿಂದ ಕಾನೂನು ಪದವಿ ಪಡೆದರು. ಭೂಮಾಲೀಕರ ಮನೆಯಲ್ಲಿ ಹುಟ್ಟಿದರೂ ತಮ್ಮ ಪ್ರದೇಶದ ಬಡ ಕೃಷಿ ಕಾರ್ಮಿಕರ ಪಕ್ಷ ವಹಿಸಿದರು. 1916ರಲ್ಲಿ ವೆಲಿಯಾ ಟಿಟ್ಟಾ ಅವರನ್ನು ವಿವಾಹವಾದರು. ದಂಪತಿಗಳಿಗೆ ಮೂವರು ಮಕ್ಕಳು.

ರಾಜಕೀಯ ಜೀವನ

ಮೊದಲನೆಯ ಮಹಾಯುದ್ಧವನ್ನು ವಿರೋಧಿಸಿದ್ದರಿಂದ ಇವರನ್ನು ದೂರದ ಸಿಸಿಲಿಗೆ ಕಳುಹಿಸಲಾಯಿತು. 1919ರಲ್ಲಿ ಸಂಸತ್ತಿಗೆ ಆಯ್ಕೆಯಾಗಿ, 1921 ಮತ್ತು 1924ರಲ್ಲಿ ಪುನರಾಯ್ಕೆಯಾದರು. 1921ರಲ್ಲಿ ಫ್ಯಾಸಿಸ್ಟರು ಇವರನ್ನು ಅಪಹರಿಸಿ ಹಿಂಸಿಸಿದರೂ ಇವರು ಹಿಂಜರಿಯಲಿಲ್ಲ. 1922ರಲ್ಲಿ ಸ್ಥಾಪನೆಯಾದ ಏಕೀಕೃತ ಸಮಾಜವಾದಿ ಪಕ್ಷದ ಕಾರ್ಯದರ್ಶಿಯಾದರು.

ಸಂಸತ್ತಿನ ಭಾಷಣ

ಅತಿ ಹೆಚ್ಚು ಮತಗಳನ್ನು, ಕನಿಷ್ಠ ಶೇ. 25ರಷ್ಟನ್ನು, ಪಡೆದ ಪಟ್ಟಿಗೆ ಮೂರನೆಯ ಎರಡು ಭಾಗದಷ್ಟು ಸ್ಥಾನಗಳನ್ನು ನೀಡುವ ಅಚೆರ್ಬೊ ಕಾಯಿದೆಯು 1923ರಲ್ಲಿ ಜಾರಿಗೆ ಬಂದಿತು. ಅದರಂತೆ 1924ರ ಏಪ್ರಿಲ್ 6ರಂದು ನಡೆದ ಚುನಾವಣೆಯಲ್ಲಿ ಫ್ಯಾಸಿಸ್ಟರ ಪಟ್ಟಿ ಜಯಗಳಿಸಿತು. ಮೇ 30ರಂದು ಮಟ್ಟೆಯೊಟ್ಟಿಯವರು ಈ ಫಲಿತಾಂಶದ ಸಿಂಧುತ್ವವನ್ನೇ ಪ್ರಶ್ನಿಸಿದರು. ಮತದಾರರಿಗೆ ಒಡ್ಡಿದ ಬೆದರಿಕೆ, ವಿರೋಧಿ ಅಭ್ಯರ್ಥಿಗಳ ಮೇಲಿನ ಹಲ್ಲೆಗಳನ್ನು ಒಂದೊಂದಾಗಿ ವಿವರಿಸಿದರು. ಆಡಳಿತ ಪಕ್ಷದವರು ಕೂಗಾಡಿ ಅಡ್ಡಿಪಡಿಸಿದರೂ ಭಾಷಣವನ್ನು ಪೂರ್ಣಗೊಳಿಸಿದರು.

ಹತ್ಯೆ

ಜೂನ್ 10ರಂದು ರೋಮ್ ನಗರದ ಟೈಬರ್ ನದಿಯ ದಂಡೆಯಲ್ಲಿ ನಡೆದುಹೋಗುತ್ತಿದ್ದ ಇವರನ್ನು ಅಮೆರಿಗೊ ಡುಮಿನಿಯ ನೇತೃತ್ವದ ಫ್ಯಾಸಿಸ್ಟರ ತಂಡವು ಕಾರಿನಲ್ಲಿ ಅಪಹರಿಸಿ, ಇರಿದು ಕೊಂದಿತು. ಆಗಸ್ಟ್ 16ರಂದು ರಿಯಾನೊ ಸಮೀಪದ ಕಾಡಿನಲ್ಲಿ ಶವ ಪತ್ತೆಯಾಯಿತು. ಈ ಕೊಲೆಗೆ ಮುಸೊಲಿನಿಯೇ ನೇರವಾಗಿ ಆದೇಶಿಸಿದ್ದನೇ ಎಂಬ ವಿಷಯದಲ್ಲಿ ಇತಿಹಾಸಕಾರರಲ್ಲಿ ಭಿನ್ನಾಭಿಪ್ರಾಯವಿದೆ.

ಪರಿಣಾಮ

ಕೊಲೆಯನ್ನು ಪ್ರತಿಭಟಿಸಿ ವಿರೋಧ ಪಕ್ಷಗಳ ಬಹುತೇಕ ಸದಸ್ಯರು ಸಂಸತ್ತನ್ನು ಬಹಿಷ್ಕರಿಸಿದರು. ಇದನ್ನು ಅವೆಂಟೈನ್ ಬಹಿಷ್ಕಾರವೆಂದು ಕರೆಯುತ್ತಾರೆ. ದೊರೆ ಮೂರನೆಯ ವಿಕ್ಟರ್ ಇಮ್ಯಾನುಯೆಲ್ ಮುಸೊಲಿನಿಯನ್ನು ಪದಚ್ಯುತಗೊಳಿಸುವನೆಂಬ ಅವರ ನಿರೀಕ್ಷೆ ಹುಸಿಯಾಯಿತು. 1925ರ ಜನವರಿ 3ರಂದು ಮುಸೊಲಿನಿ ನಡೆದುದೆಲ್ಲದರ ರಾಜಕೀಯ ಹಾಗೂ ನೈತಿಕ ಹೊಣೆಯನ್ನು ಸಂಸತ್ತಿನಲ್ಲಿ ತಾನೇ ಹೊತ್ತುಕೊಂಡನು. ಆತನನ್ನು ತಡೆಯುವವರು ಯಾರೂ ಇರಲಿಲ್ಲ. ಮುಂದೆ ಪತ್ರಿಕಾ ಸ್ವಾತಂತ್ರ್ಯವೂ ವಿರೋಧ ಪಕ್ಷಗಳೂ ದಮನಗೊಂಡು ಸರ್ವಾಧಿಕಾರ ನೆಲೆಯೂರಿತು.

1926ರಲ್ಲಿ ಕಿಯೆಟಿಯಲ್ಲಿ ನಡೆದ ವಿಚಾರಣೆಯಲ್ಲಿ ಅಪರಾಧಿಗಳಿಗೆ ಲಘು ಶಿಕ್ಷೆಯಷ್ಟೇ ಆಯಿತು. ಫ್ಯಾಸಿಸಂ ಪತನವಾದ ಬಳಿಕ, 1947ರ ಮರುವಿಚಾರಣೆಯಲ್ಲಿ ಡುಮಿನಿ ಸೇರಿದಂತೆ ಮೂವರಿಗೆ ಜೀವಾವಧಿ ಶಿಕ್ಷೆ ವಿಧಿಸಲಾಯಿತು.

ಸ್ಮರಣೆ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಫ್ಯಾಸಿಸಂ ವಿರುದ್ಧ ಹೋರಾಡಿದ ಸಮಾಜವಾದಿ ದಳಗಳು ಮಟ್ಟೆಯೊಟ್ಟಿಯವರ ಹೆಸರನ್ನು ಇರಿಸಿಕೊಂಡಿದ್ದವು. ಇಟಲಿಯ ಅನೇಕ ಊರುಗಳ ಬೀದಿ, ಚೌಕಗಳಿಗೆ ಇವರ ಹೆಸರಿದೆ. ಅಪಹರಣ ನಡೆದ ಸ್ಥಳದಲ್ಲಿ ಸ್ಮಾರಕವಿದೆ.