ಪಾನನಿರೋಧದ ದೀಕ್ಷೆ ತೊಟ್ಟ ರಾಜಾಜಿ

ಹೊಸೂರಿಗೆ ಸಮೀಪದ ತೊರಪಳ್ಳಿ ಒಂದು ಚಿಕ್ಕ ಅಗ್ರಹಾರ. ಸ್ವತಂತ್ರ ಭಾರತದ ಪ್ರಥಮ ಭಾರತೀಯ ಗವರ್ನರ್ ಜನರಲ್ ಎನಿಸಿದ ಚಕ್ರವರ್ತಿ ರಾಜಗೋಪಾಲಾಚಾರಿಯವರು 1878ನೇ ಇಸವಿ ಡಿಸೆಂಬರ್ 10ರಂದು ಈ ಊರಿನಲ್ಲಿ ಜನಿಸಿದರು. ಇವರೇ ಎಲ್ಲರ ಬಾಯಲ್ಲಿ ರಾಜಾಜಿ. ತಂದೆಯವರು ಗ್ರಾಮದ ಮುನ್ಸೀಫರು. ಆಚಾರವಂತ ಶ್ರೀವೈಷ್ಣವ ಮನೆತನ. ಹೊಸೂರಿನಲ್ಲಿಯೂ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿಯೂ ಓದಿ, ಮದರಾಸಿನಲ್ಲಿ ಕಾನೂನು ಮುಗಿಸಿ, 1900ರಲ್ಲಿ ಸೇಲಂ ಪಟ್ಟಣದಲ್ಲಿ ವಕೀಲಿ ವೃತ್ತಿ ಆರಂಭಿಸಿದರು. ಆಗ ಹೊಸೂರು ತಾಲ್ಲೂಕು ಸಹ ಸೇಲಂ ಜಿಲ್ಲೆಗೇ ಸೇರಿತ್ತು.

ವಕೀಲಿಯಲ್ಲಿ ಒಳ್ಳೆಯ ಹೆಸರು, ಕೈತುಂಬ ಸಂಪಾದನೆ ಇದ್ದರೂ ಗಾಂಧೀಜಿಯವರ ಕರೆಗೆ ಓಗೊಟ್ಟು ಎಲ್ಲವನ್ನೂ ಬಿಟ್ಟರು. ವೇಲೂರಿನ ಸೆರೆಮನೆ ಕಂಡರು. 1925ರಲ್ಲಿ ತಿರುಚೆಂಗೋಡಿನ ಬಳಿ ಪುದುಪಾಳ್ಯದಲ್ಲಿ ಗಾಂಧಿ ಆಶ್ರಮ ಸ್ಥಾಪಿಸಿ, ಗುಡಿಸಲಿನಲ್ಲಿ ವಾಸಮಾಡುತ್ತ ಖಾದಿಯ ಕೆಲಸ, ಅಸ್ಪೃಶ್ಯತಾ ನಿವಾರಣೆ, ಪಾನನಿರೋಧ ಈ ಮೂರನ್ನೂ ವ್ರತದಂತೆ ನಡೆಸಿದರು.

ಹೆಂಡ ಸಾರಾಯಿ ಅಂಗಡಿಗಳನ್ನು ಸರ್ಕಾರವೇ ಹರಾಜು ಹಾಕುತ್ತಿದ್ದ ಕಾಲ ಅದು. ಹೆಚ್ಚಿಗೆ ಕೂಗಿದವನು ಆ ಹಣವನ್ನು ಕುಡಿಯುವವರಿಂದಲೇ ವಸೂಲು ಮಾಡಬೇಕು. ಬಡವ ಕುಡಿದಷ್ಟೂ ಗುತ್ತಿಗೆದಾರನಿಗೆ ಲಾಭ, ಸರ್ಕಾರಕ್ಕೆ ಆದಾಯ. ಮನೆಯ ಒಲೆಗೆ ಮಾತ್ರ ಬೆಂಕಿಯಿಲ್ಲ. ನೂಲುವ ಹೆಂಗಸರು ದಿನವೆಲ್ಲ ದುಡಿದು ತಂದ ಕಾಸನ್ನು ಗಂಡಂದಿರು ಅಂಗಡಿಗೆ ಸುರಿದರೆ ಖಾದಿಯಿಂದ ಏನು ಪ್ರಯೋಜನ? ಇದನ್ನು ಮನಗಂಡ ರಾಜಾಜಿಯವರು 1929ರಲ್ಲಿ ಪಾನನಿರೋಧ ಪ್ರಚಾರಕ್ಕೆಂದೇ ‘ವಿಮೋಚನಂ’ ಎಂಬ ತಮಿಳು ಪತ್ರಿಕೆ ಹೊರಡಿಸಿದರು. ಮುಂದೆ ಪ್ರಸಿದ್ಧ ಲೇಖಕರಾದ ಕಲ್ಕಿಯವರು ಆ ಪತ್ರಿಕೆಯಲ್ಲಿ ಅವರಿಗೆ ನೆರವಾದರು.

1937ರ ಜುಲೈಯಲ್ಲಿ ರಾಜಾಜಿಯವರು ಮದರಾಸು ಪ್ರಾಂತ್ಯದ ಪ್ರಧಾನಿಗಳಾದರು. ಮುಖ್ಯಮಂತ್ರಿಗಳನ್ನು ಆಗ ಹಾಗೆ ಕರೆಯುತ್ತಿದ್ದರು. ಅದೇ ವರ್ಷ ಪಾನನಿರೋಧ ಕಾನೂನು ಮಾಡಿಸಿ, ಅಕ್ಟೋಬರ್ 1ರಿಂದ ಮೊದಲು ತಮ್ಮ ಸ್ವಂತ ಸೇಲಂ ಜಿಲ್ಲೆಯಲ್ಲೇ ಜಾರಿಗೆ ತಂದರು. ಹೊಸೂರು ಸೀಮೆಯ ಅಂಗಡಿಗಳೂ ಮುಚ್ಚಿದವು. ಅಂಗಡಿ ಮುಚ್ಚಿದರಷ್ಟೇ ಸಾಲದು, ಸಂಜೆಯ ಹೊತ್ತು ಮನಸ್ಸಿಗೆ ಬೇರೆ ದಾರಿ ಬೇಕೆಂದು ಹಳ್ಳಿಗಳಲ್ಲಿ ಭಜನೆ, ನಾಟಕ, ಆಟಪಾಟಗಳಿಗೆ ಪ್ರೋತ್ಸಾಹ ದೊರೆಯಿತು. ಹೆಂಡ ಇಳಿಸುತ್ತಿದ್ದವರ ಹೊಟ್ಟೆಪಾಡಿಗೆ ನೀರಾದಿಂದ ಬೆಲ್ಲ ಮಾಡುವ ಕಸುಬನ್ನು ಬೆಳೆಸುವ ಯತ್ನ ನಡೆಯಿತು. ಬಳಿಕ ಚಿತ್ತೂರು, ಕಡಪ, ಉತ್ತರ ಆರ್ಕಾಟು ಜಿಲ್ಲೆಗಳಿಗೂ ಕಾನೂನು ವಿಸ್ತರಿಸಿತು.

ಆದರೆ ಸರ್ಕಾರದ ಬೊಕ್ಕಸಕ್ಕೆ ಅಬಕಾರಿಯಿಂದ ಬರುತ್ತಿದ್ದ ದೊಡ್ಡ ಮೊತ್ತ ನಿಂತಿತು. ಆ ನಷ್ಟ ತುಂಬಲು ರಾಜಾಜಿಯವರು 1939ರಲ್ಲಿ ಮಾರಾಟ ತೆರಿಗೆ ತಂದರು. ಸಾಮಾನುಗಳ ಮೇಲೆ ಸಾಮಾನ್ಯ ಮಾರಾಟ ತೆರಿಗೆ ವಿಧಿಸಿದ್ದು ದೇಶದಲ್ಲಿ ಅದೇ ಮೊದಲು. ವರ್ತಕರು ಬಲವಾಗಿ ವಿರೋಧಿಸಿದರು. ಅಂಗಡಿಯ ಲೆಕ್ಕ ಬಲ್ಲವರಿಗೆ ಆ ವಿರೋಧ ಅರ್ಥವಾಗುತ್ತದೆ. ಆದರೆ ಕುಡುಕನ ಮನೆಯಿಂದ ಕಿತ್ತ ಹಣಕ್ಕಿಂತ, ಕೊಳ್ಳುವವರೆಲ್ಲರೂ ಹಂಚಿಕೊಂಡು ಕೊಡುವ ಅಲ್ಪ ತೆರಿಗೆ ಮೇಲು ಎಂಬ ನಿಲುವಿನಿಂದ ಅವರು ಕದಲಲಿಲ್ಲ. ಅದೇ ವರ್ಷ ಹರಿಜನರ ದೇವಾಲಯ ಪ್ರವೇಶಕ್ಕೆ ಕಾನೂನಿನ ರಕ್ಷಣೆಯನ್ನೂ ಒದಗಿಸಿದರು.

1939ರ ಅಕ್ಟೋಬರಿನಲ್ಲಿ ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು. ಯುದ್ಧದ ದಿನಗಳಲ್ಲಿ ಪಾನನಿರೋಧ ನಿಂತುಹೋಯಿತು. ಸ್ವಾತಂತ್ರ್ಯ ಬಂದ ಮೇಲೆ, 1948ರ ಗಾಂಧಿ ಜಯಂತಿಯ ವೇಳೆಗೆ, ಇಡೀ ಪ್ರಾಂತ್ಯದಲ್ಲಿ ಜಾರಿಗೆ ಬಂದಿತು. ಆಗ ರಾಜಾಜಿಯವರು ದೆಹಲಿಯಲ್ಲಿ ಗವರ್ನರ್ ಜನರಲ್. ಕಾನೂನಿನ ಕಣ್ಣು ತಪ್ಪಿಸಿ ಕಳ್ಳಭಟ್ಟಿಗಳು ಹುಟ್ಟಿಕೊಂಡದ್ದೂ ನಿಜವೇ. ಹಾಗೆಂದು ಕಳ್ಳತನಕ್ಕೆ ಹೆದರಿ ಬಾಗಿಲು ತೆರೆದಿಡುವುದು ಅವರಿಗೆ ಒಪ್ಪಿಗೆಯಾಗಲಿಲ್ಲ.

1954ರಲ್ಲಿ ಭಾರತರತ್ನ ಪ್ರಶಸ್ತಿ ಬಂದಿತು. ರಾಮಾಯಣ, ಮಹಾಭಾರತಗಳನ್ನು ಸರಳ ತಮಿಳಿನಲ್ಲಿ ಬರೆದು ಮನೆಮನೆಗೆ ಮುಟ್ಟಿಸಿದರು. ಅವರ ರಾಮಾಯಣಕ್ಕೆ 1958ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಲಭಿಸಿತು. ಎಂ.ಎಸ್. ಸುಬ್ಬುಲಕ್ಷ್ಮಿಯವರ ಕಂಠದಲ್ಲಿ ಭಕ್ತರೆಲ್ಲ ಕೇಳಿರುವ ‘ಕುರೈ ಒನ್ರುಂ ಇಲ್ಲೈ’ ಕೀರ್ತನೆಯೂ ಅವರದೇ ರಚನೆ.

1971ರಲ್ಲಿ ತಮಿಳುನಾಡು ಸರ್ಕಾರ ಪಾನನಿರೋಧವನ್ನು ತೆಗೆಯಲು ಹೊರಟಿತು. ರಾಜಾಜಿಯವರಿಗೆ ಆಗ 92 ವರ್ಷ. ಸುರಿಯುವ ಮಳೆಯಲ್ಲಿ ಮುಖ್ಯಮಂತ್ರಿ ಕರುಣಾನಿಧಿಯವರ ಮನೆಗೆ ತಾವೇ ಹೋಗಿ, ಆ ಕೆಲಸ ಬೇಡವೆಂದು ಕೇಳಿಕೊಂಡರು. ತಮಗಾಗಿ ಯಾರಲ್ಲೂ ಕೈಚಾಚದ ಹಿರಿಯರು ಪರರ ಮನೆಯ ಹೆಣ್ಣುಮಕ್ಕಳಿಗಾಗಿ ಬೇಡಿದರು. ಮನವಿ ಫಲಿಸಲಿಲ್ಲ, ಆಗಸ್ಟ್ 30ರಿಂದ ಅಂಗಡಿಗಳು ತೆರೆದವು. ಮರುವರ್ಷ, 1972ರ ಡಿಸೆಂಬರ್ 25ರಂದು ರಾಜಾಜಿಯವರು ಹರಿಪಾದ ಸೇರಿದರು.

ಆಮೇಲೆ ಕಾನೂನು ಮತ್ತೆ ಬಂದಿತು, ಮತ್ತೆ ಸಡಿಲವಾಯಿತು. 1983ರಲ್ಲಿ ಮದ್ಯದ ಸಗಟು ವ್ಯಾಪಾರವನ್ನೂ 2003ರಲ್ಲಿ ಚಿಲ್ಲರೆ ಮಾರಾಟವನ್ನೂ ಸರ್ಕಾರದ ಸಂಸ್ಥೆಯೇ ವಹಿಸಿಕೊಂಡಿತು. ಪಾನನಿರೋಧ ಮೊದಲು ಕಾಲಿಟ್ಟ ಜಿಲ್ಲೆಯ ಹಳ್ಳಿಗಳಿಗೂ ಈ ಮಾತು ಅನ್ವಯಿಸುತ್ತದೆ.

ಸರ್ಕಾರದ ಆಜ್ಞೆಯನ್ನು ಮುಂದಿನ ಸರ್ಕಾರ ಅಳಿಸಬಹುದು. ದೇವರ ಮುಂದೆ ನಿಂತು ತಾನೇ ತೊಟ್ಟ ಸಂಕಲ್ಪವನ್ನು ಬೇರೆಯವರು ಅಳಿಸಲಾರರು. ರಥದ ಹಗ್ಗ ಹಿಡಿಯುವ ಕೈ ಬಟ್ಟಲು ಹಿಡಿಯದಿದ್ದರೆ, ಜಾತ್ರೆಗೆಂದು ಕೂಡಿಟ್ಟ ಹಣ ಮನೆಯ ಮಕ್ಕಳ ಕೈಗೆ ಸೇರಿದರೆ, ಅದೇ ತೊರಪಳ್ಳಿಯ ಹಿರಿಯರಿಗೆ ಸಲ್ಲಿಸುವ ನಿಜವಾದ ಗೌರವ. ಅಂಥ ಸದ್ಬುದ್ಧಿಯನ್ನು ಶ್ರೀಸ್ವಾಮಿಯು ಸಕಲ ಭಕ್ತಾದಿಗಳಿಗೂ ಕರುಣಿಸಲಿ.

ಸರ್ವೇ ಜನಾಃ ಸುಖಿನೋ ಭವಂತು.