ಹೈದರಾಲಿಯ ಫಿರಂಗಿ ಮತ್ತು ಕಾವಲಿನ ಕರು

ದೀಪಾವಳಿ ಬಂತೆಂದರೆ ಹೊನ್ನಾಳಿ, ನ್ಯಾಮತಿ ಕಡೆ ಹೋರಿ ಹಬ್ಬದ ಗದ್ದಲ. ಕೊಬ್ಬರಿ ಹಾರ ಹೊತ್ತು ಜನರ ನಡುವೆ ನುಗ್ಗುವ ಹೋರಿಗಳಲ್ಲಿ ಅಮೃತಮಹಲ್ ತಳಿಯವೂ ಇರುತ್ತವೆ. ಈ ತಳಿಯ ಕಾಲಿನ ಕಸುವನ್ನೇ ನಂಬಿ ಒಬ್ಬ ಮನುಷ್ಯ ರಾಜ್ಯ ಕಟ್ಟಿದ ಅನ್ನೋದು ಎಷ್ಟು ಜನಕ್ಕೆ ಗೊತ್ತು? ಆತ ಹೈದರಾಲಿ.

ಹೈದರ್ ಹುಟ್ಟಿದ್ದು ಕೋಲಾರ ಸೀಮೆಯ ಬೂದಿಕೋಟೆಯಲ್ಲಿ. ಅಪ್ಪ ಯುದ್ಧದಲ್ಲಿ ಸತ್ತಾಗ ಇನ್ನೂ ಸಣ್ಣ ಹುಡುಗ. ಓದು ಬರಹ ಬರಲಿಲ್ಲ. 1749ರ ದೇವನಹಳ್ಳಿ ಮುತ್ತಿಗೆಯಲ್ಲಿ ಕಣ್ಣಿಗೆ ಬಿದ್ದ ಈ ಸಿಪಾಯಿ, 1761ರ ಹೊತ್ತಿಗೆ ಮೈಸೂರಿನ ಅಧಿಕಾರವನ್ನೇ ಕೈಗೆ ತೆಗೆದುಕೊಂಡಿದ್ದ.

ಆತನಿಗೆ ಸಿಕ್ಕ ಆಸ್ತಿಗಳಲ್ಲಿ ಒಡೆಯರ ದನಗಳೂ ಇದ್ದವು. ಅರಮನೆಗೆ ಹಾಲು ಬೆಣ್ಣೆ ಒದಗಿಸುವ ಆ ಇಲಾಖೆಗೆ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಅಂತ ಹೆಸರಿತ್ತು. ಹಳ್ಳಿಕಾರ್ ಮೂಲದ ಈ ದನಗಳಲ್ಲಿ ಹೈದರ್ ಬೆಣ್ಣೆಗಿಂತ ಹೆಚ್ಚಾಗಿ ಕಂಡದ್ದು ದಂಡಿನ ಸಾಮಾನು ಎಳೆಯುವ ಎತ್ತುಗಳನ್ನು. ಕಾವಲುಗಳಲ್ಲಿ ಆತನ ಕನಿಷ್ಠ 60 ಸಾವಿರ ಎತ್ತುಗಳಿದ್ದವು ಎನ್ನುತ್ತಾರೆ.

ಲೆಕ್ಕ ಹಾಕಿ ನೋಡಿ. ಹಸು ಗಬ್ಬ ಕಟ್ಟಿ ಈಯೋಕೆ ಒಂಬತ್ತು ತಿಂಗಳು ದಾಟಬೇಕು. ಹಳೆಯ ಮೈಸೂರು ಗೆಜೆಟಿಯರ್ ಹೇಳುವ ಪದ್ಧತಿಯಲ್ಲಿ ಕರುವನ್ನು ಹಾಲು ಬಿಡಿಸುತ್ತಿದ್ದದ್ದು ಐದಾರು ತಿಂಗಳಿಗೆ. ಗಂಡು ಕರುಗಳಿಗೆ ವರ್ಷ ತುಂಬುವ ಮೊದಲೇ, ಚಳಿಗಾಲದಲ್ಲಿ, ಬೀಜ ಒಡೆಸುತ್ತಿದ್ದರು. ಹಾಗಾಗಿ ಬಯಲಲ್ಲಿ ಒಟ್ಟಿಗೆ ಮೇಯುವ ಮಂದೆಯಲ್ಲೂ ಆರಿಸಿದ ಹೋರಿಯದೇ ಸಂತಾನ ಉಳಿಯುತ್ತಿತ್ತು. ಮೂರು ವರ್ಷಕ್ಕೆ ಹಸುಗಳಿಂದ ಬೇರ್ಪಡಿಸಿ, ನಾಲ್ಕಕ್ಕೆ ನೊಗಕ್ಕೆ ಪಳಗಿಸಿದರೆ, ಪೂರ್ತಿ ಕಸುವು ಬರುವುದು ಐದಕ್ಕೆ. ಅಂದರೆ ಇವತ್ತು ಫಿರಂಗಿ ಎಳೆಯುವ ಎತ್ತಿಗೆ ಆರು ವರ್ಷದ ಹಿಂದೆಯೇ ಏರ್ಪಾಟು ಆಗಿರಬೇಕು.

ಅಷ್ಟೂ ಕಾಲ ಹುಲ್ಲು ತಪ್ಪಬಾರದು. ಆಷಾಢದಲ್ಲಿ ಹಸಿರು ಮೇದು ಬೆದೆಗೆ ಬಂದ ಹಸು ಈಯುವುದು ಮುಂದಿನ ಬೇಸಿಗೆಯಲ್ಲಿ. ಆಗ ಮೇವು, ನೀರು ಇಲ್ಲದಿದ್ದರೆ ಕರುವಿಗೆ ಹಾಲೆಲ್ಲಿ? ಒಡೆಯರ ಕಾಲದಿಂದಲೂ ಮಳೆಗಾಲ, ಚಳಿಗಾಲ, ಬೇಸಿಗೆಗೆ ಬೇರೆ ಬೇರೆ ಕಾವಲುಗಳನ್ನು ಗೊತ್ತುಮಾಡಿದ್ದು ಇದಕ್ಕೇ. ಹೈದರ್ 1763ರಲ್ಲಿ ಬಿದನೂರನ್ನು ಗೆದ್ದಾಗ ಚನ್ನಗಿರಿಯಂಥ ಕೆಳದಿ ಸೀಮೆ, 1779ರಲ್ಲಿ ಚಿತ್ರದುರ್ಗ ಗೆದ್ದಾಗ ಜಗಳೂರಿನ ಕಡೆಯ ಒಣ ಬಯಲು ಮೈಸೂರಿಗೆ ಸೇರಿದವು. ಒಂದು ಕಡೆ ಸೂಳೆಕೆರೆಯ ನೀರು, ಇನ್ನೊಂದು ಕಡೆ ಮಳೆ ಬಂದರಷ್ಟೇ ಚಿಗುರುವ ಹುಲ್ಲು. ಎರಡೂ ಒಂದೇ ರಾಜ್ಯದಲ್ಲಿದ್ದರೆ ಮಂದೆಯನ್ನು ಋತುವಿಗೆ ತಕ್ಕಂತೆ ನಡೆಸಬಹುದು.

ಫಲ ಕಂಡದ್ದು ರಣರಂಗದಲ್ಲಿ. 1781ರಲ್ಲಿ ಚಿದಂಬರದ ಕಡೆ ಹೈದರನ ದಂಡು ಎರಡೂವರೆ ದಿನದಲ್ಲಿ ನೂರು ಮೈಲಿ ಸಾಗಿತು. ಅದೇ ವರ್ಷ ಪೋರ್ಟೊ ನೋವೊದಲ್ಲಿ ಸೋತರೂ ಫಿರಂಗಿಗಳು ಇಂಗ್ಲಿಷರ ಕೈಗೆ ಸಿಗಲಿಲ್ಲ, ಎತ್ತುಗಳು ಎಳೆದೊಯ್ದಿದ್ದವು. 1782ರ ಡಿಸೆಂಬರ್ 7ರಂದು, ಯುದ್ಧ ನಡೆಯುತ್ತಿರುವಾಗಲೇ, ಚಿತ್ತೂರಿನ ಬಳಿಯ ಪಾಳೆಯದಲ್ಲಿ ಹೈದರ್ ತೀರಿಕೊಂಡ. ಬೆಣ್ಣೆ ಚಾವಡಿಗೆ ಅಮೃತಮಹಲ್ ಅಂತ ಹೆಸರಿಟ್ಟು, ನಿಯಮ ಬರೆಸಿದ್ದು ಮಗ ಟಿಪ್ಪು.

ಮುಂದಿನ ಕಥೆ ನಮಗೆ ಪಾಠ. 1799ರ ನಂತರ ಆಸ್ಥೆಯಿಲ್ಲದೆ ಮಂದೆ ಕೆಟ್ಟಿತು. 1813ರಲ್ಲಿ ಮದ್ರಾಸ್ ಸೇನೆಯ ಕ್ಯಾಪ್ಟನ್ ಹಾರ್ವೆ ವಹಿಸಿಕೊಂಡ ಮೇಲೆ ಚೇತರಿಸಿತು. 1860ರಲ್ಲಿ ಖರ್ಚು ಉಳಿಸಲು ಹೋಗಿ ಇಡೀ ಮಂದೆಯನ್ನೇ ಮಾರಿದರು. ತಪ್ಪು ಗೊತ್ತಾಗಿ 1866ರಲ್ಲಿ ಮತ್ತೆ ಶುರುಮಾಡಬೇಕಾಯಿತು.

ಈಗ ಚನ್ನಗಿರಿಯ ಪಕ್ಕದ ಅಜ್ಜಂಪುರದಲ್ಲಿ ಸರ್ಕಾರದ ತಳಿ ಕೇಂದ್ರವಿದೆ. ಹೋರಿ ಕರುಗಳ ಹರಾಜಿಗೆ ದೂರದ ರೈತರೂ ಬರುತ್ತಾರೆ. ಆದರೆ ಹಿಂದೆ ಲಕ್ಷಗಟ್ಟಲೆ ಎಕರೆ ಇದ್ದ ಕಾವಲುಗಳು ಒತ್ತುವರಿಗೆ, ಮಂಜೂರಾತಿಗೆ ಕರಗಿವೆ. ಜಗಳೂರಿನ ನೆರೆಯ ಚಳ್ಳಕೆರೆಯಲ್ಲಿ ಸಾವಿರಾರು ಎಕರೆ ಕಾವಲು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹೋಯಿತು. ಹುಲ್ಲುಗಾವಲು ಅಂದರೆ ಖಾಲಿ ಜಾಗ ಅನ್ನೋದು ನಮ್ಮ ಕಂದಾಯ ಕಚೇರಿಗಳ ಹಳೇ ನಂಬಿಕೆ.

ಹೈದರ್ ಒಳ್ಳೆಯವನೋ ಕೆಟ್ಟವನೋ ಅಂತ ಜಗಳ ಆಡುವವರು ಆಡಲಿ. ಆತ ದನಗಳನ್ನು ಸಾಕಿದ್ದು ಯುದ್ಧಕ್ಕೆ, ಪ್ರೀತಿಗಲ್ಲ. ಆದರೆ ಎತ್ತು ಬೇಕಿದ್ದರೆ ಮೊದಲು ಹುಲ್ಲು ಉಳಿಸಬೇಕು ಅನ್ನುವ ಲೆಕ್ಕ ಆ ಓದು ಬಾರದ ಮನುಷ್ಯನ ಆಡಳಿತಕ್ಕೆ ತಿಳಿದಿತ್ತು. ತಳಿಗೆ ಹಾರ ಹಾಕಿ, ಕಾವಲನ್ನು ಹಂಚಿಬಿಡುವ ನಮಗೆ ತಿಳಿಯಬೇಕಾದದ್ದೂ ಅಷ್ಟೇ.