ಇಂಜಿನಿಯರಿಂಗ್ ಬಿಟ್ಟು ಡಾಕ್ಟರ್ ಆದ ಡೆನಿಸ್ ಬರ್ಕಿಟ್

ಫಸ್ಟ್ ಇಯರ್ ಮುಗಿಯೋ ಹೊತ್ತಿಗೆ ನಮ್ಮಲ್ಲಿ ಎಷ್ಟೋ ಜನರಿಗೆ, ಇದು ನನಗೆ ಸರಿಯಾದ ಕೋರ್ಸಾ ಅನ್ನೋ ಪ್ರಶ್ನೆ ಬಂದಿರುತ್ತೆ. ಡೆನಿಸ್ ಬರ್ಕಿಟ್ ಅವರಿಗೂ ಬಂದಿತ್ತು. ಅವರು ಹುಟ್ಟಿದ್ದು 1911ರಲ್ಲಿ, ಐರ್ಲೆಂಡಿನ ಎನಿಸ್ಕಿಲನ್‌ನಲ್ಲಿ. ಅಪ್ಪ ಇಂಜಿನಿಯರ್. ಮಗನೂ ಡಬ್ಲಿನ್‌ನ ಟ್ರಿನಿಟಿ ಕಾಲೇಜಿಗೆ ಇಂಜಿನಿಯರಿಂಗ್ ಸೇರಿ, ಅದನ್ನ ಬಿಟ್ಟು ಮೆಡಿಕಲ್‌ಗೆ ಹೋದರು. ಚಿಕ್ಕ ವಯಸ್ಸಿನಲ್ಲೇ ಒಂದು ಕಣ್ಣು ಕಳೆದುಕೊಂಡಿದ್ದರು. ಆದರೂ ಸರ್ಜನ್ ಆದರು.

ಎರಡನೇ ಮಹಾಯುದ್ಧದ ನಂತರ ಉಗಾಂಡಾದಲ್ಲಿ ಕೆಲಸಕ್ಕೆ ಸೇರಿದರು. 1957ರಲ್ಲಿ ಕಂಪಾಲಾದ ಮುಲಾಗೋ ಆಸ್ಪತ್ರೆಯಲ್ಲಿ ಒಬ್ಬ ಪುಟ್ಟ ಹುಡುಗನನ್ನು ನೋಡಿದರು. ದವಡೆಯ ಎರಡೂ ಕಡೆ, ಮೇಲೂ ಕೆಳಗೂ ಗೆಡ್ಡೆ. ಸ್ವಲ್ಪ ದಿನಕ್ಕೇ ಜಿಂಜಾ ಊರಿನ ಆಸ್ಪತ್ರೆಯಲ್ಲಿ ಅಂಥದೇ ಇನ್ನೊಂದು ಮಗು. ಆಪರೇಷನ್ ಮಾಡಿದರೆ ವಾಸಿಯಾಗೋ ಕಾಯಿಲೆ ಅಲ್ಲ ಅದು. ಹಳೇ ರೆಕಾರ್ಡ್ ಹುಡುಕಿದಾಗ, ಇಂಥ ಎಷ್ಟೋ ಮಕ್ಕಳಿಗೆ ಹೊಟ್ಟೆಯಲ್ಲೂ ಗೆಡ್ಡೆ ಇದ್ದಿದ್ದು ಗೊತ್ತಾಯ್ತು. ಇದೆಲ್ಲ ಒಂದೇ ಕಾಯಿಲೆ ಅಂತ 1958ರಲ್ಲಿ ಬರೆದರು.

ಯಾವ ಊರಲ್ಲಿ ಇದೆ, ಯಾವ ಊರಲ್ಲಿ ಇಲ್ಲ? 1961ರಲ್ಲಿ ಇಬ್ಬರು ಗೆಳೆಯರ ಜೊತೆ ಹಳೇ ಫೋರ್ಡ್ ಗಾಡಿಯಲ್ಲಿ ಹತ್ತು ವಾರ, ಸುಮಾರು 10,000 ಮೈಲಿ ಸುತ್ತಿ ಆಸ್ಪತ್ರೆಗಳಲ್ಲಿ ವಿಚಾರಿಸಿದರು. ಸೆಕೆ ಮತ್ತು ಮಳೆ ಎರಡೂ ಜಾಸ್ತಿ ಇರೋ ಕಡೆಯಲ್ಲೇ ಕಾಯಿಲೆ ಇತ್ತು. ಅದೇ ವರ್ಷ ಲಂಡನ್‌ನಲ್ಲಿ ಅವರ ಭಾಷಣ ಕೇಳಿದ ಆಂಟನಿ ಎಪ್‌ಸ್ಟೀನ್ ಗೆಡ್ಡೆಯ ಸ್ಯಾಂಪಲ್ ತರಿಸಿಕೊಂಡರು. 1964ರಲ್ಲಿ ಅದರಲ್ಲಿ ಹೊಸ ವೈರಸ್ ಸಿಕ್ಕಿತು. ಅದೇ ಎಪ್‌ಸ್ಟೀನ್-ಬಾರ್ ವೈರಸ್.

ಕಂಪಾಲಾದಲ್ಲಿ ರೇಡಿಯೇಷನ್ ಸೌಲಭ್ಯ ಇರಲಿಲ್ಲ. ಬರ್ಕಿಟ್ ಕ್ಯಾನ್ಸರ್ ಔಷಧಿಗಳನ್ನು ಕೊಟ್ಟು ನೋಡಿದರು. ಕೆಲವು ಮಕ್ಕಳಿಗೆ ಕೆಲವೇ ಡೋಸ್‌ಗೆ ಗೆಡ್ಡೆ ಕರಗಿ, ಅವರು ಬದುಕಿ ಉಳಿದರು.

ಈ ಗೆಡ್ಡೆ ಅಷ್ಟು ಬೇಗ ಬೆಳೆಯೋದು ಯಾಕೆ ಅನ್ನೋದಕ್ಕೆ ಉತ್ತರ 1982ರಲ್ಲಿ ಸಿಕ್ಕಿತು. ಜೀವಕೋಶಕ್ಕೆ ಬೆಳೆ, ಎರಡಾಗು ಅಂತ ಹೇಳೋ ಮಿಕ್ ಅನ್ನೋ ಜೀನ್ 8ನೇ ಕ್ರೋಮೋಸೋಮ್‌ನಲ್ಲಿದೆ. ಮಾಮೂಲಿಯಾಗಿ ಅದು ಬೇಕಾದಾಗ ಆನ್, ಬೇಡದಾಗ ಆಫ್. ಈ ಕ್ಯಾನ್ಸರ್‌ನಲ್ಲಿ ಆ ತುಂಡು ಮುರಿದು, ಹೆಚ್ಚಾಗಿ 14ನೇ ಕ್ರೋಮೋಸೋಮ್‌ಗೆ ಹೋಗಿ ಆಂಟಿಬಾಡಿ ಜೀನ್ ಪಕ್ಕ ಅಂಟಿಕೊಳ್ಳುತ್ತೆ. ಬಿ ಜೀವಕೋಶದಲ್ಲಿ ಆಂಟಿಬಾಡಿ ಜೀನ್‌ನ ಸ್ವಿಚ್ ಯಾವಾಗಲೂ ಆನ್. ಪಕ್ಕದಲ್ಲಿರೋ ಮಿಕ್ ಕೂಡ ಆ ಸ್ವಿಚ್‌ನಿಂದಲೇ ಓಡೋಕೆ ಶುರು ಮಾಡುತ್ತೆ, ನಿಲ್ಲೋದೇ ಇಲ್ಲ. ಒಂದೆರಡು ದಿನದಲ್ಲೇ ಗೆಡ್ಡೆ ದುಪ್ಪಟ್ಟಾಗಬಹುದು.

ಬರ್ಕಿಟ್ 1993ರಲ್ಲಿ ತೀರಿಕೊಂಡರು. ಈ ಕಾಯಿಲೆಗೆ ಇವತ್ತಿಗೂ ಬರ್ಕಿಟ್ ಲಿಂಫೋಮಾ ಅಂತಲೇ ಹೆಸರು. ಒಳ್ಳೇ ಆಸ್ಪತ್ರೆಗೆ ಬೇಗ ತಲುಪಿದ ಮಕ್ಕಳಲ್ಲಿ ಹೆಚ್ಚಿನವರು ಈಗ ಗುಣ ಆಗ್ತಾರೆ. ತಲುಪೋಕೆ ಆಗದ ಮಕ್ಕಳು ಇನ್ನೂ ಇದ್ದಾರೆ.